ಓದಿದರೆ ಅರ್ಥವಾಗುವ ಇಂಗ್ಲಿಷ್ ಮಾತಿಗೆ ಏಕೆ ಒದಗುವುದಿಲ್ಲ?

ಇಂಗ್ಲಿಷ್ ಪತ್ರಿಕೆ ಓದಿದರೆ ಬಹುಪಾಲು ಅರ್ಥವಾಗುತ್ತದೆ, ವ್ಯಾಕರಣವೂ ಗೊತ್ತಿದೆ, ಆದರೆ ಯಾರಾದರೂ ಮಾತನಾಡಿಸಿದರೆ ತಡವರಿಸುತ್ತೇನೆ, ಇನ್ನೂ ಎಷ್ಟು ಪದಗಳನ್ನು ಕಲಿಯಬೇಕು, ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳಿದ್ದೀರಿ. ಶಾಲೆ ಮುಗಿದ ಮೇಲೆಯೇ ಈ ಭಾಷೆಯನ್ನು ರೂಢಿಸಿಕೊಂಡು, ಅನಂತರ ಹಲವರ ಕಲಿಕೆಗೆ ಜೊತೆಯಾದ ಅನುಭವದಿಂದ ಹೇಳುವುದಾದರೆ, ನೀವು ಸದ್ಯಕ್ಕೆ ಹೊಸ ಪದಗಳ ಬೆನ್ನು ಹತ್ತುವುದನ್ನು ಬಿಡಬೇಕು. ದಿನನಿತ್ಯದ ಮಾತಿಗೆ ಬೇಕಾದಷ್ಟು ಇಂಗ್ಲಿಷ್ ನಿಮ್ಮಲ್ಲಿ ಈಗಾಗಲೇ ಇದೆ. ಬೇಕೆಂದ ಕ್ಷಣದಲ್ಲಿ ಅದನ್ನು ನಾಲಿಗೆಗೆ ತರುವ ಅಭ್ಯಾಸ ಮಾತ್ರ ಆಗಿಲ್ಲ.

ಇದು ನಿಮ್ಮ ಸಮಾಧಾನಕ್ಕಾಗಿ ಆಡಿದ ಮಾತಲ್ಲ. ಮೈಕೆಲ್ ವೆಸ್ಟ್ ಅವರು 1953ರಲ್ಲಿ ಕಲಿಯುವವರಿಗಾಗಿ ಪ್ರಕಟಿಸಿದ ಪಟ್ಟಿಯಲ್ಲಿರುವುದು ಸುಮಾರು 2,000 ಪದಗಳು; ಸಾಮಾನ್ಯ ಇಂಗ್ಲಿಷ್ ಬರಹದ ಸುಮಾರು ಶೇಕಡಾ 80ರಷ್ಟು ಭಾಗ ಇಷ್ಟರಲ್ಲೇ ಅಡಗಿದೆ, ಆಡುಮಾತಿನಲ್ಲಿ ಈ ಪಾಲು ಇನ್ನೂ ಹೆಚ್ಚು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಕಲಿಯುವವರಿಗೆಂದು ಆರಂಭಿಸಿದ ರೇಡಿಯೋ ಪ್ರಸಾರವು ಸುಮಾರು 1,500 ಪದಗಳ ಮಿತಿಯಲ್ಲೇ ಜಗತ್ತಿನ ಸುದ್ದಿಯನ್ನು ನಿಧಾನವಾಗಿ ಓದುತ್ತಿತ್ತು. ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕೆಂದು ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಪತ್ರಿಕೆಯೇ ಬಹುಮಟ್ಟಿಗೆ ಅರ್ಥವಾಗುವ ನೀವು ಆ ಮೊದಲ ಎರಡು ಸಾವಿರವನ್ನು ದಾಟಿ ಬಹಳ ಮುಂದೆ ಬಂದಿದ್ದೀರಿ.

ಹಾಗಾದರೆ ಮಾತು ಏಕೆ ಬರುವುದಿಲ್ಲ? ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಶಾಲೆಯ ಪಾಠಗಳನ್ನು ಫ್ರೆಂಚಿನಲ್ಲೇ ಕಲಿಯುವ ವ್ಯವಸ್ಥೆಯಿದೆ. ವರ್ಷಗಟ್ಟಲೆ ಹೀಗೆ ಕಲಿತ ಮಕ್ಕಳು ಕೇಳಿ ಗ್ರಹಿಸುವುದರಲ್ಲಿ ಫ್ರೆಂಚ್ ಮನೆಮಾತಿನ ಮಕ್ಕಳಿಗೆ ಹೆಚ್ಚುಕಡಿಮೆ ಸಮನಾಗಿದ್ದರೂ ಮಾತಿನಲ್ಲಿ, ಬರಹದಲ್ಲಿ ಹಿಂದುಳಿದಿರುವುದನ್ನು ಗಮನಿಸಿದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್, ಕೇಳುವುದು ಮತ್ತು ಓದುವುದಷ್ಟೇ ಸಾಲದು, ಕಲಿಯುವವರು ಸ್ವತಃ ವಾಕ್ಯಗಳನ್ನು ಕಟ್ಟಿ ಹೇಳಬೇಕಾದ ಒತ್ತಡವೂ ಇರಬೇಕು ಎಂದು 1985ರಲ್ಲಿ ವಾದಿಸಿದರು. ನಿಮ್ಮ ಸ್ಥಿತಿ ನನಗೆ ಅದೇ ರೀತಿಯದಾಗಿ ಕಾಣುತ್ತದೆ.

ತಡವರಿಕೆಗೆ ಇನ್ನೊಂದು ಕಾರಣ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃಪದದ ಬೆನ್ನಿಗೇ ಬರಬೇಕು, ವಿವರಗಳು ಆಮೇಲೆ. ಹೀಗಾಗಿ ಮನಸ್ಸಿನಲ್ಲಿ ಉದ್ದನೆಯ ಕನ್ನಡ ವಾಕ್ಯವನ್ನು ಕಟ್ಟಿಕೊಂಡು ಅದನ್ನು ತಿರುಗಿಸಲು ಹೊರಟವರು, ಕೊನೆಯಲ್ಲಿರುವುದನ್ನು ಮೊದಲು ಹುಡುಕಬೇಕಾಗಿ ಬಂದು, ಬಾಯಿ ತೆರೆಯುವ ಮುನ್ನವೇ ನಿಂತುಬಿಡುತ್ತಾರೆ. ಇದನ್ನು ನೀಗಿಸುವುದು ಸಿದ್ಧ ಪದಗುಚ್ಛಗಳು. ‘ಮೇಕ್ ಎ ಡಿಸಿಷನ್’, ‘ಟೇಕ್ ಎ ಬ್ರೇಕ್’ ಎಂಬಂತೆ ಯಾವ ಪದದೊಡನೆ ಯಾವುದು ಬರುತ್ತದೆಯೋ ಅದನ್ನು ಸೇರಿಸಿಯೇ ಕಲಿಯಿರಿ. ‘ವಾಟ್ ಐ ಮೀನ್ ಈಸ್’, ‘ಕುಡ್ ಯು ಸೇ ದಟ್ ಎಗೇನ್’ ಮುಂತಾದವು ಯೋಚಿಸದೆ ಬರುವಂತಾದರೆ, ಮುಂದಿನ ಮಾತನ್ನು ಹುಡುಕಲು ಬೇಕಾದ ಒಂದೆರಡು ಕ್ಷಣಗಳು ಸಿಗುತ್ತವೆ. ಚಿಕ್ಕ ವಾಕ್ಯಗಳಲ್ಲಿ ಮಾತನಾಡಲು ಸಂಕೋಚ ಬೇಡ. ಕೇಳುವವರಿಗೂ ಅವು ಹಿತ.

ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಅಭ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನಂತಹ ಕಡೆ ದೊರೆಯುವ, ಬರಹರೂಪವೂ ಜೊತೆಗಿರುವ ಒಂದು ಧ್ವನಿಪಾಠದಿಂದ ಎರಡು ನಿಮಿಷದ ಭಾಗವನ್ನು ಆರಿಸಿಕೊಳ್ಳಿ. ಅದು ನೀವು ಓದುವ ಪತ್ರಿಕೆಗಿಂತ ಸುಲಭವಾಗಿರಲಿ. ಮೊದಲು ಬರಹವನ್ನು ನೋಡದೆ ಕೇಳಿ, ಆಮೇಲೆ ನೋಡುತ್ತಾ ಕೇಳಿ, ಮೂರನೆಯ ಸಲ ಅವರ ದನಿಯ ಹಿಂದೆಯೇ ನೀವೂ ಗಟ್ಟಿಯಾಗಿ ಹೇಳುತ್ತಾ ಹೋಗಿ. ಅನಂತರ ಎಲ್ಲವನ್ನೂ ಮುಚ್ಚಿಟ್ಟು, ಕೇಳಿದ್ದನ್ನು ನಿಮ್ಮದೇ ಮಾತುಗಳಲ್ಲಿ ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಎಲ್ಲಿ ತಡೆದು ನಿಂತಿರೋ ಅಲ್ಲಿಯೇ ನಿಮಗೆ ಬೇಕಾದ ಪದ ಅಥವಾ ವಾಕ್ಯರೂಪ ಇದೆ. ಅದನ್ನು ಮೂಲದಲ್ಲಿ ಹುಡುಕಿ, ಒಂದು ಪೂರ್ತಿ ವಾಕ್ಯವಾಗಿ ಬರೆದುಕೊಂಡು, ಮರುದಿನವೂ ವಾರದ ನಂತರವೂ ಹೇಳಿ ನೋಡಿ. ಮಾತನಾಡಲು ಜೊತೆಗಾರರು ಇಲ್ಲದವರೂ ಇದನ್ನು ಮಾಡಬಹುದು. ಜೊತೆಗಾರರಿದ್ದರಂತೂ, ಪ್ರತಿ ತಪ್ಪಿಗೂ ನಡುವೆ ತಡೆಯದೆ, ಮಾತು ಮುಗಿದ ಮೇಲೆ ಎರಡು ಮೂರನ್ನು ಮಾತ್ರ ತಿಳಿಸುವಂತೆ ಅವರನ್ನು ಕೇಳಿಕೊಳ್ಳಿ.

ಉಚ್ಚಾರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು 26, ಧ್ವನಿಗಳು ಸುಮಾರು 44. ಆದ್ದರಿಂದ ಕಾಗುಣಿತವನ್ನು ನಂಬದೆ ಕೇಳಿಯೇ ಕಲಿಯಬೇಕು. ಪರದೇಶದವರ ಶೈಲಿಯನ್ನು ಅನುಕರಿಸುವ ಅಗತ್ಯವಿಲ್ಲ, ಆದರೆ ಪದದ ಯಾವ ಭಾಗಕ್ಕೆ ಒತ್ತು ಬೀಳುತ್ತದೆ ಎಂಬುದನ್ನು ಗಮನಿಸಲೇಬೇಕು, ಏಕೆಂದರೆ ಒತ್ತು ತಪ್ಪಿದರೆ ಸರಿಯಾದ ಪದವೂ ಕೇಳುವವರಿಗೆ ತಿಳಿಯದೆ ಹೋಗಬಹುದು.

ಇನ್ನು ಕಾಲದ ಪ್ರಶ್ನೆ. ಯುರೋಪಿನ ಭಾಷಾಮಟ್ಟಗಳ ಅಳತೆಗೋಲು ಆರಂಭದ ಎ1ರಿಂದ ಅತ್ಯುನ್ನತ ಸಿ2ರವರೆಗೆ ಆರು ಹಂತಗಳನ್ನು ಗುರುತಿಸುತ್ತದೆ; ಬಿ1, ಬಿ2 ನಡುವಿನ ಹಂತಗಳು. ಮೊದಲಿನಿಂದ ಆರಂಭಿಸಿ ಬಿ1 ತಲುಪಲು ಸುಮಾರು 350ರಿಂದ 400, ಬಿ2 ತಲುಪಲು 500ರಿಂದ 600 ಗಂಟೆಗಳ ಪಾಠ ಬೇಕೆಂಬುದು ಕೇಂಬ್ರಿಜ್‌ನ ಪರೀಕ್ಷಾ ಸಂಸ್ಥೆಯ ಅಂದಾಜು. ಆ ಗಂಟೆಗಳಲ್ಲಿ ಓದಿನ ಪಾಲನ್ನು ನೀವು ಆಗಲೇ ಮುಗಿಸಿದ್ದೀರಿ. ದಿನಕ್ಕೆ ಅರ್ಧ ಗಂಟೆ ಬಾಯಿಬಿಟ್ಟು ಅಭ್ಯಾಸ ಮಾಡಿ, ಮೊದಲ ವಾರದ ಧ್ವನಿಮುದ್ರಣವನ್ನು ಅಳಿಸದೆ ಇಟ್ಟುಕೊಂಡು, ಮೂರು ತಿಂಗಳ ನಂತರ ಅದೇ ವಿಷಯವನ್ನು ಮತ್ತೆ ಹೇಳಿ ಎರಡನ್ನೂ ಹೋಲಿಸಿ. ತಡೆದು ನಿಂತ ಜಾಗಗಳು ಕಡಿಮೆಯಾಗಿರದಿದ್ದರೆ ಆರಿಸಿಕೊಂಡ ಪಾಠಗಳು ಕಠಿಣವಾಗಿರುವ ಸಾಧ್ಯತೆಯೇ ಹೆಚ್ಚು. ಆಗ ಒಂದು ಹಂತ ಕೆಳಗಿನವನ್ನು ತೆಗೆದುಕೊಳ್ಳಿ.