ಬಿಪಿ ಮಾತ್ರೆ ಬಿಡಬೇಡಿ, ಬದಲಿಸಲು ಕೇಳಿ

ಮೂರು ತಿಂಗಳಿಂದ ಅಟೆನೊಲಾಲ್ ಮತ್ತು ಕ್ಲೋರ್‌ತಾಲಿಡೋನ್ ಸೇರಿದ ಮಾತ್ರೆ, ಆಸೆ ಉಂಟು ಆದರೆ ನಿಮಿರುವಿಕೆ ಉಳಿಯುವುದಿಲ್ಲ, ಮಾತ್ರೆ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ ಮಾರಾಯ್ರೆ. ಅಟೆನೊಲಾಲ್ ಒಮ್ಮೆಲೇ ನಿಲ್ಲಿಸಿದರೆ ಬಿಪಿ, ಎದೆಬಡಿತ ಎರಡೂ ಏರಿ ಹೃದಯಕ್ಕೇ ಅಪಾಯ.

ನಿಮ್ಮ ಅನುಮಾನ ಸುಳ್ಳಲ್ಲ. ಈ ದೂರು ಹೆಚ್ಚು ಬರುವುದೇ ಹಳೆಯ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಮಾತ್ರೆ) ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ; ನಿಮ್ಮದರಲ್ಲಿ ಎರಡೂ ಉಂಟು, ಅಟೆನೊಲಾಲ್ ಮೊದಲನೆಯದು, ಕ್ಲೋರ್‌ತಾಲಿಡೋನ್ ಎರಡನೆಯದು. ಟೆಲ್ಮಿಸಾರ್ಟನ್, ಲೋಸಾರ್ಟನ್, ಆಮ್ಲೋಡಿಪಿನ್ ಎಂಬ ಬೇರೆ ಬಿಪಿ ಮಾತ್ರೆಗಳಿಂದ ಸಾಮಾನ್ಯವಾಗಿ ಈ ತೊಂದರೆ ಕಡಿಮೆ. ಬೀಟಾ ಬ್ಲಾಕರ್ ಬೇಕೇ ಬೇಕೆಂದಿದ್ದರೆ ನೆಬಿವೊಲಾಲ್ ಉಂಟು, ಅದು ರಕ್ತನಾಳ ಸಡಿಲಿಸುತ್ತದೆ. ಬದಲಿಸಬಹುದಾ ಎಂಬುದನ್ನು ನಿಮ್ಮ ಹೃದಯದ ಸ್ಥಿತಿ ನೋಡಿ ಡಾಕ್ಟರೇ ಹೇಳಬೇಕು.

ಆದರೆ ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟಬೇಡಿ. ಬಿಪಿಯೇ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ, ಸಕ್ಕರೆ ಕಾಯಿಲೆಯೂ ಹಾಗೆಯೇ. ಶುಗರ್ ನೋಡಿಸಿದ್ದೀರಾ? ಕೆಲವೊಮ್ಮೆ 'ಹೀಗಾಗುತ್ತದಂತೆ' ಎಂಬ ಹೆದರಿಕೆಯೇ ಸಾಕು.

ಮಂಗಳೂರಿನ ಮೆಡಿಕಲ್‌ನಲ್ಲಿ ಮೆಲ್ಲಗೆ ಕೇಳಿ ಸಿಲ್ಡೆನಾಫಿಲ್ (ನಿಮಿರುವಿಕೆಗೆ ಕೊಡುವ ಮಾತ್ರೆ) ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಾದರೆ ಬಿಪಿ ಪಾತಾಳಕ್ಕಿಳಿದು ಪ್ರಾಣಕ್ಕೇ ಬರುತ್ತದೆ.

ಡಾಕ್ಟರ ಮುಂದೆ ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಡಿ. ನಾನು ಹಾಗೇ ಮಾಡಿದ್ದು. ಅವರು ಓದಿ, ಮುಖ ಎತ್ತದೆ ಬೇರೆ ಮಾತ್ರೆ ಬರೆದರು. ಜೊತೆಗೆ ಒಣಮೀನು, ಉಪ್ಪಿನಕಾಯಿಗೂ ಕತ್ತರಿ ಹಾಕಿದರು, ಅದೇ ಹೆಚ್ಚು ಬೇಜಾರು!