ಗೈಡ್ ಮುಚ್ಚಿಟ್ಟು ಆಡಿ

ಪತ್ರ: ಸಂಪಾದಕರೇ, ಜಪಾನಿನ ಒಟೊಮೆ ಗೇಮ್‌ಗಳ (ಹೆಂಗಸರಿಗಾಗಿ ಬರೆದ, ಓದುತ್ತಾ ಆಯ್ಕೆ ಮಾಡುತ್ತಾ ನಾಯಕರಲ್ಲಿ ಒಬ್ಬನ ಒಲವು ಗಳಿಸುವ ಆಟಗಳು) ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ‘ಕಾಲರ್×ಮ್ಯಾಲಿಸ್’ ತರಿಸಿಕೊಂಡೆ. ತಪ್ಪಾಗಬಾರದೆಂದು ಫೋನಿನಲ್ಲಿ ಗೈಡ್ ತೆರೆದಿಟ್ಟುಕೊಂಡು ಅದು ಹೇಳಿದ ಹಾಗೇ ಆಯ್ಕೆ ಮಾಡುತ್ತಾ ಹೋದೆ. ಎರಡು ರಾತ್ರಿಗೆ ನಾಯಕರಲ್ಲೊಬ್ಬನಾದ ಸಸಾಜುಕಾನ ಕಥೆ ಮುಗಿಯಿತು. ಚಿತ್ರ ಚೆನ್ನಾಗಿದೆ, ದನಿಗಳೂ ಚೆನ್ನಾಗಿವೆ. ಆದರೆ ನಾನು ಮಾಡಿದ್ದಾದರೂ ಏನು? ಬಟನ್ ಒತ್ತಿದೆ, ಅಷ್ಟೆ. ಇಷ್ಟು ಹೊತ್ತಿನಲ್ಲಿ ಒಂದು ಒಳ್ಳೆಯ ಕಾದಂಬರಿ ಓದಬಹುದಿತ್ತು. ಇದನ್ನು ಆಟ ಎಂದು ಯಾಕೆ ಕರೆಯುತ್ತೀರಿ? – ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಗೈಡ್ ಬರೆದವರು ಆಡಿದ್ದರು, ನೀವು ಅವರ ಆಟವನ್ನು ನಕಲು ಮಾಡಿದಿರಿ. ಬೇಸರವಾಗದೆ ಇನ್ನೇನಾದೀತು? ಮನಸ್ಸಿನಲ್ಲಿದ್ದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ, ಅದಕ್ಕೆ ಧನ್ಯವಾದ. ಹೀಗೆ ಒಂದು ಕಥೆ ಮುಗಿಸಿ, ಕೈಚೆಲ್ಲಿ, ಆಟವನ್ನು ಮಾರಿಬಿಡುವವರು ಬಹಳ ಜನ ಇದ್ದಾರೆ. ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯಬೇಕಾಗಿದೆ.

ಗೈಡ್ ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ಆಟದಲ್ಲಿ ಕಂಡ ಚಿತ್ರಗಳೆಲ್ಲ ಸೇರುವ ಗ್ಯಾಲರಿಯಲ್ಲಿ ಕೊನೆಯ ಒಂದೆರಡು ಚಿತ್ರ ಸಿಗದೆ ಉಳಿದಾಗ ಅದು ಬೇಕು. ಹಿಂಸೆಯ ದೃಶ್ಯ ನೋಡಲಾಗದವರು ಮೊದಲೇ ತಿಳಿದುಕೊಳ್ಳುವುದೂ ಒಳ್ಳೆಯದೇ. ಜಪಾನಿನ ಪೆಟ್ಟಿಗೆಯ ಮೇಲೆ ಯಾವ ವಯಸ್ಸಿನವರಿಗೆ ಎಂದು ಹೇಳುವ ಸಿಇಆರ್‌ಓ ಗುರುತು ಇರುತ್ತದೆ: ಸಿ ಎಂದರೆ 15 ವರ್ಷ ಮೇಲ್ಪಟ್ಟವರಿಗೆ, ಡಿ ಎಂದರೆ 17 ಮೇಲ್ಪಟ್ಟವರಿಗೆ. ಗೈಡ್‌ನ ಕೆಲಸ ಅಷ್ಟಕ್ಕೇ ಮುಗಿಯಬೇಕು.

ನೀವು ಆಡಿದ ಆಟವನ್ನೇ ತೆಗೆದುಕೊಳ್ಳೋಣ. ಇಂಥ ಆಟಗಳನ್ನೇ ಮಾಡುವ ಒಟೊಮೇಟ್ ಇದನ್ನು 2016ರಲ್ಲಿ ಸೋನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ ವೀಟಾಕ್ಕೆ ತಂದಿತು. 2017ರಲ್ಲಿ ಇಂಗ್ಲಿಷಿಗೆ ಬಂತು, 2020ರಲ್ಲಿ ನಿಂಟೆಂಡೊದ ಸ್ವಿಚ್‌ಗೆ. ಅಡೋನಿಸ್ ಎಂಬ ಗುಂಪು ಟೋಕಿಯೊದ ಶಿಂಜುಕುವಿನಲ್ಲಿ ಒಂದಾದ ಮೇಲೊಂದು ಅಪರಾಧ ಎಸಗುತ್ತಿದೆ. ಅಲ್ಲಿ ಜನರ ಕೈಗೆ ಬಂದೂಕು ಬಂದಿದೆ. ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರಿದ ನಾಯಕಿ ಇಚಿಕಾಳ ಕೊರಳಿಗೆ ಯಾರೋ ವಿಷದ ಪಟ್ಟಿ ಬಿಗಿದಿದ್ದಾರೆ. ಸಹಾಯಕ್ಕೆ ಬರುವವರಲ್ಲಿ ಹೆಚ್ಚಿನವರು ಇಲಾಖೆ ಬಿಟ್ಟವರು. ಇವರಲ್ಲಿ ಯಾರನ್ನು ನಂಬಬೇಕು? ಇಡೀ ಆಟ ನಿಂತಿರುವುದು ಈ ಒಂದು ಅನುಮಾನದ ಮೇಲೆ. ಇಲ್ಲಿ ಒಲವಿನ ಲೆಕ್ಕದ ಜೊತೆಗೆ ನಂಬಿಕೆಯ ಲೆಕ್ಕವೂ ಇದೆ. ನಾಯಕನಿಗೆ ಹಿತವಾದ ಮಾತು ಹೇಳಿದರೆ ಒಲವು ಏರುತ್ತದೆ, ಆದರೆ ಪೊಲೀಸಳಾಗಿ ಹೇಳಬೇಕಾದ ಮಾತು ಕೆಲವು ಕಡೆ ಬೇರೆಯೇ ಇರುತ್ತದೆ. ಬಂದೂಕು ಹಿಡಿದು ಗುರಿಯಿಡುವ ಗಳಿಗೆಗಳೂ ಬರುತ್ತವೆ, ಕೈಯಲ್ಲಿರುವುದು ಕೆಲವೇ ಕ್ಷಣ. ‘ಇಲ್ಲಿ ಇದನ್ನು ಒತ್ತು’ ಎಂದು ಫೋನು ಮೊದಲೇ ಹೇಳಿಬಿಟ್ಟಿದ್ದರೆ ಇಚಿಕಾಳ ಎದೆ ಹೊಡೆದುಕೊಳ್ಳುತ್ತದೆ, ನಿಮ್ಮದು ತಣ್ಣಗಿರುತ್ತದೆ. ಸಸಾಜುಕಾನ ಮಾತು ಅಷ್ಟು ಒರಟು. ಅವನು ಕೊನೆಗೆ ಒಳ್ಳೆಯವನೇ ಎಂಬ ಭರವಸೆ ಗೈಡ್‌ನಿಂದ ಸಿಕ್ಕಿಬಿಟ್ಟರೆ ಆ ಒರಟುತನಕ್ಕೆ ಏನು ಬೆಲೆ ಉಳಿಯಿತು?

ಇನ್ನು ಬ್ಯಾಡ್ ಎಂಡ್, ಅಂದರೆ ಕಥೆ ಕೆಟ್ಟದಾಗಿ ಮುಗಿಯುವ ಅಂತ್ಯ. ಅದನ್ನು ಎಲ್ಲರೂ ಸೋಲು ಎಂದುಕೊಂಡು ತಪ್ಪಿಸಿಕೊಂಡು ಓಡುತ್ತಾರೆ. ಆದರೆ ಬರೆಯುವವರು ಅದಕ್ಕಾಗಿಯೇ ಬೇರೆ ದೃಶ್ಯ ಬರೆದಿರುತ್ತಾರೆ, ಹಲವು ಸಲ ಬೇರೆ ಚಿತ್ರವನ್ನೂ ಬರೆಸಿರುತ್ತಾರೆ, ನಟರು ಸ್ಟುಡಿಯೊಗೆ ಬಂದು ಆ ಸಾಲುಗಳಿಗೆ ದನಿ ಕೊಟ್ಟಿರುತ್ತಾರೆ. ನಾಯಕನ ಒಳಗಿನ ಬಿರುಕು ಎಷ್ಟು ಆಳ ಎನ್ನುವುದು ಸುಖಾಂತದಲ್ಲಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ನಾಯಕಿ ಅದನ್ನು ಮುಚ್ಚಿರುತ್ತಾಳೆ. ಅವಳು ಒಂದು ಮಾತು ತಪ್ಪಿದಾಗ ಅವನು ಏನಾಗುತ್ತಾನೆ ಎಂದು ನೋಡಿದ ಮೇಲೆಯೇ ಸುಖಾಂತ ಸುಖ ಎನಿಸುವುದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನಿಮಗೆ ತೋಚಿದಂತೆ ಆಡಿ, ಬಿದ್ದರೆ ಬೀಳಿ, ಆ ಅಂತ್ಯವನ್ನು ಪೂರ್ತಿ ಓದಿ, ಆಮೇಲೆ ಹಿಂದಿನ ಸೇವ್‌ಗೆ ಹೋಗಿ.

ಅದಕ್ಕೆ ಸೇವ್‌ಗಳು ಸರಿಯಾಗಿರಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಒಂದೇ ಸ್ಲಾಟ್‌ನಲ್ಲಿ ಮತ್ತೆ ಮತ್ತೆ ಸೇವ್ ಮಾಡುತ್ತಾರೆ, ಮೂರು ಅಧ್ಯಾಯ ದಾಟಿದ ಮೇಲೆ ದಾರಿ ತಪ್ಪಿದ್ದು ಗೊತ್ತಾಗುತ್ತದೆ, ಹಿಂದಕ್ಕೆ ಹೋಗಲು ಏನೂ ಉಳಿದಿರುವುದಿಲ್ಲ. ಪ್ರತಿ ಆಯ್ಕೆ ಪರದೆಗೆ ಬಂದ ಕೂಡಲೇ, ಉತ್ತರ ಒತ್ತುವ ಮುನ್ನ, ಹೊಸ ಸ್ಲಾಟ್‌ನಲ್ಲಿ ಸೇವ್ ಮಾಡಿ. ಎಲ್ಲರಿಗೂ ಸಮಾನವಾದ ಕಾಮನ್ ರೂಟ್ ಒಡೆದು ಒಬ್ಬೊಬ್ಬರ ದಾರಿ ಶುರುವಾಗುವ ಜಾಗದ್ದು ಒಂದು ಸೇವ್ ಇರಲಿ, ಅದನ್ನು ಕೊನೆಯವರೆಗೂ ಮುಟ್ಟಬೇಡಿ. ಕ್ವಿಕ್ ಸೇವ್ ಒಂದನ್ನೇ ನೆಚ್ಚಬೇಡಿ. ಮುಂದಿನ ಕ್ವಿಕ್ ಸೇವ್ ಹಿಂದಿನದನ್ನು ಅಳಿಸಿಬಿಡುತ್ತದೆ.

ಸ್ಕಿಪ್‌ನಲ್ಲಿ ಎರಡು ಬಗೆ. ಒಂದು ಓದಿದ ಸಾಲುಗಳನ್ನು ಮಾತ್ರ ಹಾರಿಸುತ್ತದೆ, ಇನ್ನೊಂದು ಎಲ್ಲವನ್ನೂ. ಸೆಟ್ಟಿಂಗ್‌ನಲ್ಲಿ ಮೊದಲನೆಯದನ್ನೇ ಇಡಿ. ಎರಡನೆಯ ಸಲ ಆಡುವಾಗ ಕಾಮನ್ ರೂಟ್ ಸರಸರನೆ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅಲ್ಲಿ ಹೊಸ ಸಾಲು ಇದೆ ಎಂದರ್ಥ. ನಿಮ್ಮ ಒಂದು ಆಯ್ಕೆಯಿಂದ ಯಾರೋ ಬೇರೆ ಮಾತು ಆಡಿದ್ದಾರೆ. ಎಲ್ಲವನ್ನೂ ಹಾರಿಸುವವರು ಇಂಥ ಜಾಗಗಳನ್ನು ಕಳೆದುಕೊಂಡು, ‘ಕಾಮನ್ ರೂಟ್ ಪ್ರತಿ ಸಲ ಒಂದೇ ಕಣ್ರೀ’ ಎನ್ನುತ್ತಾರೆ.

ದನಿಯ ವಿಷಯವೂ ಇದೆ. ನಟ ಸಾಲು ಮುಗಿಸುವ ಮೊದಲೇ ಬಟನ್ ಒತ್ತಿದರೆ ದನಿ ಅರ್ಧಕ್ಕೆ ತುಂಡಾಗುತ್ತದೆ. ಮುಂದಿನ ಮಾತು ಬರುವವರೆಗೆ ದನಿ ನಡೆಯಲಿ ಎಂಬ ಆಯ್ಕೆ ಸೆಟ್ಟಿಂಗ್‌ನಲ್ಲಿದ್ದರೆ ಅದನ್ನು ಆನ್ ಮಾಡಿ. ಸರಿಯಾದ ಉತ್ತರ ಕೊಟ್ಟಾಗ ಪರದೆಯಲ್ಲಿ ಚಿಹ್ನೆ ಮಿಂಚುವ ಆಟಗಳಲ್ಲಿ, ಅದನ್ನು ಆಫ್ ಮಾಡುವ ಅವಕಾಶವಿದ್ದರೆ ಮೊದಲ ಸಲ ಆಫ್ ಮಾಡಿಯೇ ಆಡಿ. ಆ ಚಿಹ್ನೆಯೂ ಒಂದು ಗೈಡೇ. ನಾಯಕಿಯ ಹೆಸರು ಬದಲಿಸುವ ಮುನ್ನವೂ ಯೋಚಿಸಿ. ಅನೇಕ ಆಟಗಳಲ್ಲಿ ಹೆಸರು ಬದಲಿಸಿದರೆ ನಾಯಕ ನಿಮ್ಮನ್ನು ಹೆಸರು ಹಿಡಿದು ಕರೆಯುವುದಿಲ್ಲ, ಆ ಜಾಗದಲ್ಲಿ ದನಿ ಖಾಲಿ ಹೊಡೆಯುತ್ತದೆ. ಇಡೀ ಕಥೆ ‘ಅವನು ಮೊದಲ ಸಲ ಹೆಸರು ಹಿಡಿದು ಕರೆದ’ ಎಂಬಲ್ಲಿಗೆ ಬಂದು ನಿಂತಾಗ ಅದು ದೊಡ್ಡ ನಷ್ಟ.

ಇದು ಆಟವೇ ಎಂದು ಕೇಳಿದ್ದೀರಿ. ಈ ಬಗೆ ಎಲ್ಲಿಂದ ಬಂತು ಎಂದು ನೋಡಿ. ಯುದ್ಧತಂತ್ರದ ಆಟಗಳಿಗೆ ಹೆಸರಾದ ಕೋಯೈ ಕಂಪನಿಯನ್ನು ಗಂಡನ ಜೊತೆ ಕಟ್ಟಿದ ಕೈಕೊ ಎರಿಕಾವಾಗೆ ಹೆಣ್ಣುಮಕ್ಕಳಿಗೂ ಆಟ ಬೇಕು ಎಂಬ ಹಟ. ಆಗ ಈ ಉದ್ಯಮದಲ್ಲಿ ಹೆಂಗಸರೇ ವಿರಳ. ಅವರು ಹೆಂಗಸರನ್ನು ಸೇರಿಸಿ, ಕೆಲಸ ಕಲಿಸಿ, ರೂಬಿ ಪಾರ್ಟಿ ಎಂಬ ತಂಡ ಕಟ್ಟಿದರು. 1994ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ‘ಏಂಜೆಲೀಕ್’ ಬಂತು. ಅದರಲ್ಲಿ ನಾಯಕಿ ಬ್ರಹ್ಮಾಂಡದ ಮುಂದಿನ ರಾಣಿಯಾಗಲು ಸ್ಪರ್ಧೆಗಿಳಿದವಳು, ಎದುರಾಳಿ ರೊಸಾಲಿಯಾ. ಇಬ್ಬರಿಗೂ ಒಂದೊಂದು ಖಂಡವನ್ನು ಬೆಳೆಸುವ ಕೆಲಸ. ಬೆಳಕು, ಕತ್ತಲೆ, ಗಾಳಿ, ನೀರು ಹೀಗೆ ಒಂಬತ್ತು ಶಕ್ತಿಗಳಿಗೆ ಒಂಬತ್ತು ರಕ್ಷಕರು. ಜನರಿಗೆ ಯಾವ ಶಕ್ತಿ ಬೇಕೋ ತಿಳಿದು ಆ ರಕ್ಷಕನ ಬಳಿ ಹೋಗಿ ಕೇಳಬೇಕು.

ಅದರ ಜಾಣತನ ಮುಂದಿದೆ. ನಿಮ್ಮ ಮೇಲೆ ಒಲವು ಬೆಳೆದ ರಕ್ಷಕ ನೀವು ಕೇಳದಿದ್ದರೂ ರಾತ್ರಿ ತನ್ನ ಶಕ್ತಿಯನ್ನು ನಿಮ್ಮ ಖಂಡಕ್ಕೆ ಕಳಿಸುತ್ತಾನೆ. ಖುಷಿಪಡಬೇಕೆ? ಖಂಡ ಬೆಳೆಯುತ್ತಾ ಮನೆಗಳು ನಡುವಿನ ದ್ವೀಪ ಮುಟ್ಟಿದರೆ ನೀವು ರಾಣಿ. ಆದರೆ ರಾಣಿಯಾದವಳು ಆ ರಕ್ಷಕನನ್ನು ಬಿಟ್ಟುಕೊಡಬೇಕು. ಅವನ ಪ್ರೀತಿಯ ಉಡುಗೊರೆಯೇ ಅವನನ್ನು ನಿಮ್ಮಿಂದ ದೂರ ಮಾಡಬಹುದು. ಪಟ್ಟವೇ, ಪ್ರೀತಿಯೇ ಎಂಬ ಪ್ರಶ್ನೆಯನ್ನು ಮಾತಿನಲ್ಲಿ ಕೇಳಿ ಬಿಡದೆ ಅಂಕಿಗಳ ಒಳಗೇ ಹೆಣೆದರು. ಇದನ್ನು ಆಟ ಎನ್ನದೆ ಇನ್ನೇನು ಎನ್ನಬೇಕು?

ಮುಂದೆ ಲೆಕ್ಕಾಚಾರ ಕಡಿಮೆಯಾಗಿ ಓದು ಹೆಚ್ಚಾಯಿತು, ನಿಜ. 2008ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಹಕುಓಕಿ’ ಬಹುಪಾಲು ಓದೇ. ಕಾಣೆಯಾದ ವೈದ್ಯ ತಂದೆಯನ್ನು ಹುಡುಕುತ್ತಾ ಗಂಡುವೇಷದಲ್ಲಿ ಕ್ಯೋಟೋಗೆ ಬರುವ ಚಿಜುರು ಶಿನ್‌ಸೆಂಗುಮಿ ಎಂಬ ಸಮುರಾಯಿ ಪಡೆಯ ಕೈಗೆ ಸಿಕ್ಕಿಬೀಳುತ್ತಾಳೆ. ಇಲ್ಲಿನ ಗಂಡಸರು ಹೆಚ್ಚಿನವರು ಚರಿತ್ರೆಯಲ್ಲಿ ಇದ್ದವರು. 1864ರ ಇಕೆದಾಯ ದಾಳಿಯಿಂದ 1868ರ ತೋಬಾ-ಫುಶಿಮಿ ಕಾಳಗದವರೆಗೆ ಮುಖ್ಯ ಘಟನೆಗಳು ನಿಜವಾಗಿ ನಡೆದದ್ದೇ. ಪಡೆಯ ಒಕಿತಾ ಕ್ಷಯದಿಂದ 1868ರಲ್ಲಿ ಸತ್ತ, ಹಿಜಿಕಾತಾ ಮರುವರ್ಷ ಹಕೊದಾತೆಯಲ್ಲಿ ಗುಂಡೇಟಿಗೆ ಬಿದ್ದ. ಜಪಾನಿನ ಓದುಗಿತಿಗೆ ಇದು ಆಟ ಶುರುವಾಗುವ ಮೊದಲೇ ಗೊತ್ತು. ಒಕಿತಾ ಮೊದಲ ಸಲ ಕೆಮ್ಮಿದಾಗಲೇ ಅವಳ ಕೈ ಬಟನ್ ಮೇಲೆ ನಿಲ್ಲುತ್ತದೆ. ನಮ್ಮವರು ಇದನ್ನು ಆಡುವ ಮುನ್ನ ಶಿನ್‌ಸೆಂಗುಮಿ ಬಗ್ಗೆ ಅರ್ಧ ಗಂಟೆ ಓದಿಕೊಳ್ಳುವುದು ಯಾವ ಗೈಡ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚರಿತ್ರೆ ಓದಿಕೊಳ್ಳಿ, ಉತ್ತರಗಳನ್ನು ಓದಬೇಡಿ.

ಕಾದಂಬರಿ ಓದಬಹುದಿತ್ತು ಎಂದಿರಲ್ಲ, ಖಂಡಿತ ಓದಿ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕುಳಿತ ಊರು ನಮ್ಮದು. ಕೊನೆಯ ಕಂತಿನಲ್ಲಿ ಏನಾಯಿತು ಎಂದು ಪಕ್ಕದ ಮನೆಯವರು ಮೊದಲೇ ಹೇಳಿಬಿಟ್ಟರೆ ಮುನಿಸಿಕೊಳ್ಳುತ್ತಿದ್ದವರೂ ನಾವೇ. ಹಾಗೆ ಹೆಂಗಸರು ಕಾದು ಓದಿದ್ದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಹೀಗಳೆದದ್ದನ್ನೂ ಕನ್ನಡ ಕಂಡಿದೆ. ಒಟೊಮೆ ಗೇಮ್‌ಗಳಿಗೂ ಬಂದದ್ದು ಅದೇ ಮಾತು. ಗಂಡಸರಿಗಾಗಿ ಬರೆದ, ಇದೇ ರೀತಿ ಬಟನ್ ಒತ್ತಿ ಓದುವ ವಿಷುವಲ್ ನಾವೆಲ್‌ಗಳ ಕಥನತಂತ್ರವನ್ನು ಪುಟಗಟ್ಟಲೆ ಚರ್ಚಿಸುವ ವಿಮರ್ಶಕರೇ, ಹೆಂಗಸರಿಗಾಗಿ ಬರೆದ ಆಟ ಬಂದಾಗ ‘ಇದರಲ್ಲಿ ಆಟ ಎಲ್ಲಿದೆ’ ಎನ್ನುತ್ತಾರೆ. ಕ್ಷಮಿಸಿ, ನಿಮ್ಮ ಪತ್ರದ ಕೊನೆಯ ಸಾಲು ಅವರಿಂದ ಎರವಲು ಬಂದ ಹಾಗಿದೆ. ನಿಮ್ಮಂಥ ಓದುಗರು ಆ ಸಾಲನ್ನು ಹೊರಬೇಕಾಗಿಲ್ಲ.

ಈ ಉದಾಸೀನದ ಬೆಲೆ ತೆರುವವರು ಆಡುವವರೇ. ‘ಹಕುಓಕಿ’ ಇಂಗ್ಲಿಷಿನಲ್ಲಿ ವೀಟಾಗಿಂತ ಹಿಂದಿನ ಯಂತ್ರವಾದ ಪಿಎಸ್‌ಪಿಗೆ ಬಂದದ್ದು 2012ರಲ್ಲಿ, ಮೂಲ ಬಂದು ಸುಮಾರು ಮೂರೂವರೆ ವರ್ಷದ ಮೇಲೆ. ಅದೂ ಆ ಯಂತ್ರದ ಕೊನೆಗಾಲದಲ್ಲಿ. ಆಮೇಲೆ ಈ ಆಟಗಳ ಮನೆಯಾದ ವೀಟಾದ ತಯಾರಿಕೆ 2019ರಲ್ಲಿ ನಿಂತಿತು. 2021ರಲ್ಲಿ ಅದರ ಆನ್‌ಲೈನ್ ಅಂಗಡಿಯನ್ನೂ ಮುಚ್ಚುತ್ತೇವೆ ಎಂದರು. ಆಡುವವರು ಗಲಾಟೆ ಮಾಡಿದ ಮೇಲೆ ಆ ತೀರ್ಮಾನವನ್ನು ಹಿಂದಕ್ಕೆ ಪಡೆದರು. ಅಂಗಡಿ ಮುಚ್ಚಿದರೆ ಡೌನ್‌ಲೋಡ್ ಆಗಿ ಮಾತ್ರ ಬಂದ ಆಟ ಹೊಸಬರಿಗೆ ಸಿಗುವುದೇ ಇಲ್ಲ. ಆದ್ದರಿಂದ ಕಾರ್ಟ್ರಿಡ್ಜ್ ಸಿಗುವುದಾದರೆ ಕಾರ್ಟ್ರಿಡ್ಜನ್ನೇ ಕೊಳ್ಳಿ. ಸ್ವಿಚ್ ಬಹುತೇಕ ಯಾವ ದೇಶದ ಕಾರ್ಟ್ರಿಡ್ಜನ್ನಾದರೂ ಓಡಿಸುತ್ತದೆ. ಆದರೆ ಜಪಾನಿನ ಕಾರ್ಟ್ರಿಡ್ಜ್‌ನಲ್ಲಿ ಇಂಗ್ಲಿಷ್ ಇರುತ್ತದೆಂದು ನಂಬಬೇಡಿ, ಕೊಳ್ಳುವ ಮುನ್ನ ಭಾಷೆಗಳ ಪಟ್ಟಿ ನೋಡಿ. ಹೆಚ್ಚುವರಿ ಕಂತುಗಳನ್ನು ಡೌನ್‌ಲೋಡ್ ಮಾಡುವುದಾದರೆ ಕಾರ್ಟ್ರಿಡ್ಜ್ ಯಾವ ಪ್ರದೇಶದ್ದೋ ಆ ಪ್ರದೇಶದ ಅಂಗಡಿಯಿಂದಲೇ ತರಬೇಕು, ಇಲ್ಲದಿದ್ದರೆ ಅದು ಹೊಂದಿಕೊಳ್ಳುವುದಿಲ್ಲ. ಗೆಳತಿಗೆ ಎರವಲು ಕೊಡಲು ಹೆದರಬೇಕಿಲ್ಲ. ಸ್ವಿಚ್‌ನಲ್ಲಿ ಸೇವ್‌ಗಳು ಯಂತ್ರದೊಳಗೆ ಉಳಿಯುತ್ತವೆ, ಕಾರ್ಟ್ರಿಡ್ಜ್ ಜೊತೆ ಹೋಗುವುದಿಲ್ಲ.

ಈಗ ನಿಮ್ಮ ಆಟಕ್ಕೆ ಬರೋಣ. ಅದನ್ನು ಮಾರಬೇಡಿ. ಸಸಾಜುಕಾ ಮುಗಿದಿದೆ, ಇರಲಿ. ಉಳಿದ ನಾಯಕರಲ್ಲಿ ಇನ್ನು ಎನೊಮೊತೊ, ಆಮೇಲೆ ಒಕಾಜಾಕಿ, ನಾಲ್ಕನೆಯವನಾಗಿ ಶಿರಾಯಿಶಿ. ಅವನ ಕಥೆ ಅಡೋನಿಸ್ ಬಗ್ಗೆ ಬಹಳಷ್ಟನ್ನು ಬಿಟ್ಟುಕೊಡುವುದರಿಂದ ಅವನನ್ನು ಹಿಂದಕ್ಕೆ ಇಡುವುದು ಒಳಿತು. ಇಷ್ಟು ಅನುಕ್ರಮವನ್ನು ಹೇಳಬಹುದು, ಒಳಗಿನ ಉತ್ತರಗಳು ನಿಮ್ಮವೇ. ಐದನೆಯವನಾದ ಯಾನಾಗಿಯನ್ನು ಹುಡುಕಿಕೊಂಡು ಹೋಗಬೇಡಿ. ಉಳಿದ ನಾಲ್ವರ ಕಥೆ ಮುಗಿಯುವವರೆಗೆ ಅವನ ದಾರಿಗೆ ಬೀಗ ಬಿದ್ದಿರುತ್ತದೆ. ಒಬ್ಬೊಬ್ಬರ ಕಥೆಯಲ್ಲಿ ಬಿಡಿಬಿಡಿಯಾಗಿ ಸಿಕ್ಕ ಅಪರಾಧಗಳ ಎಳೆಗಳು ಅವನಲ್ಲಿ ಬಂದು ಕೂಡುತ್ತವೆ. ಅಷ್ಟರೊಳಗೆ ನಿಮ್ಮದೇ ಅನುಮಾನಗಳ ಒಂದು ಪಟ್ಟಿ ನಿಮ್ಮ ಬಳಿ ಇರಬೇಕು. ಬೇಕಾದರೆ ಒಂದು ನೋಟ್‌ಪುಸ್ತಕದಲ್ಲಿ ಯಾರು ಯಾವ ದಿನ ಎಲ್ಲಿದ್ದರು ಎಂದು ಬರೆದಿಟ್ಟುಕೊಳ್ಳಿ. ಇಚಿಕಾ ಪೊಲೀಸಳು, ನೀವೂ ಅವಳಂತೆಯೇ ತನಿಖೆ ನಡೆಸಿ.

ಶಿರಾಯಿಶಿ ಕಥೆ ಮುಗಿದ ಮೇಲೆ, ಯಾನಾಗಿ ಶುರು ಮಾಡುವ ಮೊದಲು, ಅಡೋನಿಸ್ ಹಿಂದೆ ಯಾರಿದ್ದಾರೆ ಎಂದು ನಿಮಗನಿಸಿದೆ ಎಂಬುದನ್ನು ನಮಗೆ ಬರೆದು ಕಳಿಸಿ. ತಪ್ಪಾಗಿದ್ದರೂ ಪ್ರಕಟಿಸುತ್ತೇವೆ.