ಒಂದೇ ಇನ್‌ಬಾಕ್ಸ್, ಇಬ್ಬರ ಕೆಲಸ

ಪ್ರಶ್ನೆ: ಗ್ರಾಹಕರ ಮೇಲ್‌ಗಳಿಗೆ ನಮ್ಮ ಆಫೀಸಿನಲ್ಲಿ ಇರುವುದು ಒಂದೇ ವಿಳಾಸ. ನಾನೂ ನನ್ನ ಸಹೋದ್ಯೋಗಿಯೂ ಒಂದೇ ಪಾಸ್‌ವರ್ಡ್ ಹಾಕಿ ವೆಬ್‌ಮೇಲ್ ನೋಡುತ್ತೇವೆ. ಅವರು ತೆರೆದ ಮೇಲ್ ನನಗೂ ಓದಿದ ಹಾಗೇ ಕಾಣುತ್ತದೆ. ಕೆಲವು ಮೇಲ್‌ಗಳಿಗೆ ಯಾರೂ ಉತ್ತರ ಕೊಟ್ಟಿರುವುದಿಲ್ಲ, ಕೆಲವಕ್ಕೆ ಇಬ್ಬರೂ ಕೊಟ್ಟಿರುತ್ತೇವೆ. ಓದಿದ ಗುರುತು ಇಬ್ಬರಿಗೂ ಬೇರೆ ಬೇರೆ ಬರುವ ಹಾಗೆ ಮಾಡಬಹುದೇ?

ಉತ್ತರ: ಒಂದೇ ಮೇಲ್‌ಬಾಕ್ಸ್ ಇಟ್ಟುಕೊಂಡು ಅದು ಆಗುವುದಿಲ್ಲ. ಆ ಗುರುತು ಇರುವುದು ನಿಮ್ಮ ಕಂಪ್ಯೂಟರಿನಲ್ಲಲ್ಲ, ಸರ್ವರಿನಲ್ಲಿ, ಮೇಲ್‌ನ ಜೊತೆಗೇ. ಯಾರು ತೆರೆದರೂ ಅದು ಎಲ್ಲರಿಗೂ ಬದಲಾಗುತ್ತದೆ. ಬರುವ ಮೇಲ್ ಇಬ್ಬರ ಸ್ವಂತ ವಿಳಾಸಕ್ಕೂ ಫಾರ್ವರ್ಡ್ ಆಗುವಂತೆ ಮಾಡಿದರೆ ಗುರುತು ಬೇರೆಯಾಗುತ್ತದೆ, ನಿಜ. ಆದರೆ ಆಗ ಅವರು ಕೊಟ್ಟ ಉತ್ತರ ನಿಮಗೆ ಕಾಣುವುದಿಲ್ಲ. ಸಮಸ್ಯೆ ಜಾಸ್ತಿಯೇ ಆಯಿತು, ಅಲ್ವಾ?

ಹಾಗಾಗಿ ಆ ಗುರುತನ್ನು ನಂಬುವುದನ್ನೇ ಬಿಡಿ. ಮೇಲ್ ಎಲ್ಲಿದೆ ಎಂಬುದನ್ನು ನೋಡಿ. ಇಬ್ಬರ ಹೆಸರಿನಲ್ಲೂ ಒಂದೊಂದು ಫೋಲ್ಡರ್ ಮಾಡಿ, ಮುಗಿದ ಮೇಲ್‌ಗಳಿಗೆ ಇನ್ನೊಂದು. ಒಡೆದ ಸಾಮಾನಿನ ಫೋಟೋ ಹಾಕಿ ಗ್ರಾಹಕರೊಬ್ಬರು ದೂರು ಕಳಿಸಿದ್ದಾರೆ ಅಂದುಕೊಳ್ಳಿ. ನೀವು ನೋಡಿಕೊಳ್ಳುವುದಾದರೆ, ಫೋಟೋ ತೆರೆಯುವ ಮೊದಲೇ ಆ ಮೇಲನ್ನು ನಿಮ್ಮ ಫೋಲ್ಡರಿಗೆ ಎಳೆದುಬಿಡಿ. ಉತ್ತರ ಹೋದ ಮೇಲೆ ಮುಗಿದದ್ದಕ್ಕೆ ಹಾಕಿ. ಇನ್‌ಬಾಕ್ಸಿನಲ್ಲಿ ಉಳಿದದ್ದು ಯಾರೂ ಕೈಗೆತ್ತಿಕೊಳ್ಳದ ಮೇಲ್ ಮಾತ್ರ. ಓದಿದ್ದರೂ ಸರಿ, ಓದದಿದ್ದರೂ ಸರಿ. ತೆರೆದಿಟ್ಟ ಪುಟದಲ್ಲಿ ಹಳೆಯ ಪಟ್ಟಿಯೇ ಇರಬಹುದು, ಅದಕ್ಕೇ ಪ್ರತಿ ಸಲ ರಿಫ್ರೆಶ್ ಒತ್ತಿ ಶುರುಮಾಡಿ. ಅವರು ಅರ್ಧ ಬರೆದಿಟ್ಟ ಡ್ರಾಫ್ಟ್ ನಿಮಗೂ ಕಾಣುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಇಬ್ಬರೂ ತೆರೆದು ಸೇವ್ ಮಾಡಿದರೆ ಒಬ್ಬರು ಬರೆದದ್ದು ಹೋಗಿಬಿಡಬಹುದು.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ನಿಮ್ಮ ಪಾಸ್‌ವರ್ಡಿನದು. ಮೇಲ್‌ಬಾಕ್ಸ್ ಹಂಚಿಕೊಳ್ಳಿ, ಪಾಸ್‌ವರ್ಡ್ ಬೇಡ. ಜಿಮೇಲ್ ಆದರೆ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಇನ್ನೊಬ್ಬರಿಗೆ ಪ್ರವೇಶ ಕೊಡಬಹುದು. ಮಾಮೂಲಿ ಖಾತೆಯಲ್ಲೇ 10 ಜನರವರೆಗೆ ಅವಕಾಶವಿದೆ. ಅವರು ತಮ್ಮ ಲಾಗಿನ್‌ನಿಂದಲೇ ಬಂದು ಓದುತ್ತಾರೆ, ಕಳಿಸುತ್ತಾರೆ, ಅಳಿಸಲೂಬಹುದು. ಪಾಸ್‌ವರ್ಡ್ ಮಾತ್ರ ಬದಲಾಯಿಸಲಾರರು. ಕಂಪನಿಯ ಖಾತೆಯಾದರೆ ಅಡ್ಮಿನ್ ಇದಕ್ಕೆ ಅನುಮತಿ ಕೊಟ್ಟಿರಬೇಕು. ಮೈಕ್ರೋಸಾಫ್ಟ್ 365 ಬಳಸುತ್ತಿದ್ದರೆ ಶೇರ್ಡ್ ಮೇಲ್‌ಬಾಕ್ಸ್ ಮಾಡಿಕೊಡಿ ಎಂದು ಅಡ್ಮಿನ್‌ಗೆ ಕೇಳಿ. 50 ಜಿಬಿವರೆಗೆ ಅದಕ್ಕೆ ಬೇರೆ ಲೈಸೆನ್ಸ್ ಬೇಕಿಲ್ಲ.

ವೆಬ್‌ಸೈಟಿನ ಹೋಸ್ಟಿಂಗ್ ಜೊತೆ ಬರುವ ಮೇಲ್‌ನಲ್ಲಿ ಈ ಸೌಲಭ್ಯ ಇಲ್ಲದಿರಬಹುದು. ಒಂದೇ ಪಾಸ್‌ವರ್ಡ್ ಅನಿವಾರ್ಯವಾದರೆ, ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟ ದಿನವೇ ಅದನ್ನು ಬದಲಾಯಿಸಿ. ಕೋಡ್ ಒಬ್ಬರ ಫೋನಿಗೆ ಮಾತ್ರ ಬರುತ್ತದೆ ಎಂದು ಎರಡು ಹಂತದ ಪರಿಶೀಲನೆಯನ್ನು ಸುಮ್ನೆ ಆಫ್ ಮಾಡಿಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಆ ಕೋಡನ್ನು ಫೋನಿನಲ್ಲೇ ತೋರಿಸುವ ಆಥೆಂಟಿಕೇಟರ್ ಆ್ಯಪ್ ಬಳಸುವುದಾದರೆ, ಮೊದಲ ಸಲ ತೋರಿಸುವ ಕ್ಯೂಆರ್ ಕೋಡನ್ನು ಇಬ್ಬರ ಫೋನಿನಲ್ಲೂ ಸ್ಕ್ಯಾನ್ ಮಾಡಿಕೊಳ್ಳಬಹುದು.

ಹಾಗೇ, ಯಾರಾದರೂ ಈ ಖಾತೆಯನ್ನು ಫೋನಿನ ಮೇಲ್ ಆ್ಯಪ್‌ಗೆ ಸೇರಿಸುವಾಗ ಐಮ್ಯಾಪ್ (IMAP) ಆರಿಸಲಿ, ಅದರಲ್ಲಿ ಮೇಲ್‌ಗಳು ಸರ್ವರಿನಲ್ಲೇ ಉಳಿಯುತ್ತವೆ. ಪಾಪ್ (POP) ಆರಿಸಿದರೆ ಮೇಲ್‌ಗಳು ಆ ಫೋನಿಗೆ ಇಳಿದು, ಸರ್ವರಿನಿಂದ ಅಳಿಸಿಹೋಗುವ ಸಂಭವವಿದೆ. ಆಗ ಇನ್ನೊಬ್ಬರ ವೆಬ್‌ಮೇಲ್ ಖಾಲಿ.